ಎರಡು ಮೀನು, ಒಂದು ಮರಿ

ವಿರೂಪಾಕ್ಷಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದು ಗುಣವಲ್ಲ, ಜಡ್ಡು ಎನ್ನುತ್ತಿದ್ದಳು ಅವನ ಹೆಂಡತಿ ಗದ್ದೆಮ್ಮ. ಬೀಗರ ಮನೆಯಲ್ಲಿ ಊಟಕ್ಕೆ ಕೂತು ಸಾರು ಹಳಸೈತಿ ಎಂದು ಎದ್ದು ಬಂದವನು ಅವನು. ಹೇಳಬೇಕಾದದ್ದು ಹೇಳಬೇಕು, ಆಮೇಲೆ ಬಂದದ್ದು ಬರಲಿ ಎಂಬುದು ಅವನ ಲೆಕ್ಕ. ಬಂದದ್ದನ್ನು ತಡೆದುಕೊಳ್ಳುವ ತಾಳ್ಮೆ ಮಾತ್ರ ಅವನಿಗೆ ದೇವರು ಕೊಟ್ಟಿರಲಿಲ್ಲ.

ಮಸ್ಕಿಯ ಆಚೆಗಿನ ಡ್ಯಾಮಿನಲ್ಲಿ ಅವನದೊಂದು ಬೋಟು ಇತ್ತು. ಅವನ ಅಪ್ಪ ಹರಿಗೋಲು ಹಾಕಿ ಬಲೆ ಬೀಸಿದವನು. ಇವನು ಹರಿಗೋಲು ಬಿಟ್ಟು ಎಂಜಿನ್ ಬೋಟು ತಂದ, ಬಲೆ ಬಿಟ್ಟು ಬಾಡಿಗೆಗೆ ಇಳಿದ. ಭಾನುವಾರ ಬಂತೆಂದರೆ ಸಿಂಧನೂರಿನ ರೈಸ್‌ಮಿಲ್ಲಿನವರು, ಹೈಸ್ಕೂಲು ಮಾಸ್ತರರು, ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿಗಳು ಗಾಳದ ಕೋಲು ಹೆಗಲಿಗೇರಿಸಿಕೊಂಡು ಬರುತ್ತಿದ್ದರು. ಅವರನ್ನು ಹತ್ತಿಸಿಕೊಂಡು ಆಚೆ ದಂಡೆಯ ಬಂಡೆಗಳ ಹತ್ತಿರ ಬಿಡುವುದು, ಮೀನು ಎಲ್ಲಿ ನಿಂತಿದೆ ಎಂದು ತೋರಿಸುವುದು, ಹೊತ್ತು ಇಳಿಯುವ ಮುಂಚೆ ಈಚೆ ತರುವುದು, ಇಷ್ಟೇ ಅವನ ಕೆಲಸ.

ಗಾಳಕ್ಕೆ ಮೀನು ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಹೊಟ್ಟೆ ಮಾತ್ರ ಕಾಯುವುದಿಲ್ಲ. ಹಾಗಾಗಿ ಪ್ರತಿ ಭಾನುವಾರ ಸಂತೆಕಲ್ಲೂರಿನ ಶಾಮೀದಸಾಬ ಒಂದು ಕುರಿಮರಿ ಹೊಡೆದುಕೊಂಡು ಬರುತ್ತಿದ್ದ. ಮರಿಯನ್ನೂ ಪಾತ್ರೆಗಳನ್ನೂ ಗಿರಾಕಿಗಳ ಜೊತೆಗೇ ಬೋಟಿಗೆ ಹಾಕಿ ಆಚೆ ಒಯ್ಯುತ್ತಿದ್ದರು. ಅಲ್ಲೇ ಕೊಯ್ದು, ಮೂರು ಕಲ್ಲಿನ ಒಲೆ ಹೂಡಿ ಶಾಮೀದಸಾಬ ಅಡುಗೆ ಮಾಡಿದನೆಂದರೆ, ಮೀನು ಬೀಳದವನೂ ನಗುತ್ತಲೇ ಮನೆಗೆ ಹೋಗುತ್ತಿದ್ದ. ಈ ಭಾಗದಲ್ಲಿ ಮರಿ ಎಂದರೆ ಅದೇ. ‘ಭಾನುವಾರ ಮರಿ ಐತಿ’ ಎಂದರೆ ಯಾವ ಮರಿ ಎಂದು ಕೇಳುವವನು ಇಲ್ಲಿ ಹುಟ್ಟಿಲ್ಲ.

ಮಳೆಗಾಲದ ಹೊತ್ತಿಗೆ ಮೀನುಗಾರಿಕೆ ಇಲಾಖೆಗೆ ಹೊಸ ಮೇಡಂ ಬಂದಳು. ಹೆಸರು ಅನುಪಮಾ. ಸಮುದ್ರದ ಕಡೆಯವಳು. ಬಂದವಳೇ ಬೋಟಿನವರನ್ನು ಕೂಡಿಸಿ ಹೊಸ ಕಾನೂನು ಹೇಳಿದಳು. ಬಾಡಿಗೆ ಬೋಟಿನವರು ದಿನದ ಕೆಲಸ ಮುಗಿದ ಕೂಡಲೇ ಇಲಾಖೆಗೆ ವರದಿ ಕೊಡಬೇಕು. ಬೋಟಿಗೆ ಏನೇನು ಏರಿತು, ಏನೇನು ಇಳಿಯಿತು, ಎಷ್ಟು ಮೀನು ಸಿಕ್ಕವು, ಎಲ್ಲವೂ ಬೇಕು. ಬರೆಯಲು ಬಾರದವರು ಫೋನಿನಲ್ಲಿ ಮಾತಾಡಿ ಧ್ವನಿ ಕಳಿಸಬಹುದು. ಅಳತೆಗಿಂತ ಸಣ್ಣ ಮೀನು ಹಿಡಿದರೆ, ಅಥವಾ ಏನಾದರೂ ಮುಚ್ಚಿಟ್ಟರೆ, ಬೋಟು ನಡೆಸುವ ಪಾಸ್ ರದ್ದು. ಒಮ್ಮೆ ರದ್ದಾದ ಪಾಸು ಮತ್ತೆ ಸಿಗುವುದಿಲ್ಲ.

ಇನ್ನೊಂದು ಬೋಟಿನ ಮಾಲೀಕ ಬಸ್ಸಪ್ಪ ಗೊಣಗಿದ. ‘ನಾವೇನು ಕಳ್ಳರೇನ್ರೀ?’

ವಿರೂಪಾಕ್ಷಪ್ಪನಿಗೆ ಮಾತ್ರ ಈ ಕಾನೂನು ಹಿಡಿಸಿತು. ಸತ್ಯ ಹೇಳಿದ್ದಕ್ಕೆ ಬೈಸಿಕೊಂಡೇ ಬಂದವನಿಗೆ, ಸತ್ಯ ಹೇಳು ಎಂದು ಸರಕಾರವೇ ಕೇಳುತ್ತಿದೆ! ಅಂದಿನಿಂದ ಪ್ರತಿ ಭಾನುವಾರ ಸಂಜೆ ಬೋಟು ಕಟ್ಟಿ, ಫೋನನ್ನು ಬಾಯಿಯ ಹತ್ತಿರ ಹಿಡಿದು, ಆಚೆ ದಂಡೆಗೆ ಕೇಳಿಸುವ ಹಾಗೆ ಕೂಗುತ್ತಿದ್ದ.

‘ನಮಸ್ಕಾರ ರೀ ಮೇಡಮ್ಮರ. ಬೋಟಿನ ವಿರೂಪಾಕ್ಷಪ್ಪ ಮಾತಾಡಾಕತ್ತೀನಿ. ಇವತ್ತ ಐದ ಮಂದಿ ಹತ್ತಿದ್ರು, ಐದೂ ಮಂದಿ ಇಳದ್ರು. ಎರಡ ಮೀನ, ಒಂದ ಮರಿ. ಮೀನ ಅವ್ರು ಒಯ್ದ್ರು. ಮರಿ ಅಲ್ಲೇ ಕೊಯ್ದು ತಿಂದ್ವಿ. ಮತ್ತೇನಿಲ್ಲ ರೀ.’

ಪಾತ್ರೆ ತಿಕ್ಕುತ್ತ ಕೂತ ಶಾಮೀದಸಾಬ ನಗುತ್ತಿದ್ದ. ‘ಉಪ್ಪು ಖಾರ ಎಷ್ಟ ಹಾಕಿದ್ವಿ ಅಂತನೂ ಹೇಳಿಬಿಡೋ ವಿರುಪಣ್ಣ. ಆಮ್ಯಾಲ ಮುಚ್ಚಿಟ್ಟಿ ಅಂದಾರು.’

‘ಕೇಳಿದ್ರ ಅದನ್ನೂ ಹೇಳ್ತೀನಿ. ನನಗೇನು ಅಂಜಿಕಿ?’

ಹೀಗೆ ನಡೆದಿತ್ತು. ಒಂದು ಸೋಮವಾರ ಬೆಳಿಗ್ಗೆ ದಂಡೆಗೆ ಜೀಪು ಬಂದು ನಿಂತಿತು.

ಇಳಿದವರು ಮೇಡಂ, ಒಬ್ಬ ಪೊಲೀಸಿನವ, ಮತ್ತೆ ಡ್ಯಾಮಿನ ಮೀನು ಕಾಯುವ ಗಾರ್ಡ್ ಶಿವರಾಜ. ಯಾರೂ ನಮಸ್ಕಾರಕ್ಕೆ ನಮಸ್ಕಾರ ಕೊಡಲಿಲ್ಲ. ಪೊಲೀಸಿನವ ಬೋಟಿಗೆ ಹಾರಿ ಹಲಗೆ ಎತ್ತಿ ನೋಡಿದ, ಹಗ್ಗದ ಸುರುಳಿ ಬಿಚ್ಚಿ ಒದರಿದ. ಶಿವರಾಜ ದಂಡೆಯ ಗುಡಿಸಲು ಹೊಕ್ಕು ಮೂಲೆ ಮೂಲೆ ತಡಕಾಡಿದ.

‘ಏನ ಹುಡಕಾಕತ್ತೀರಿ? ನನ್ನ ಕೇಳ್ರಿ, ನಾ ಹೇಳ್ತೀನಿ’ ಎಂದ ವಿರೂಪಾಕ್ಷಪ್ಪ.

‘ಸಣ್ಣ ಕಣ್ಣಿನ ಬಲೆ ಎಲ್ಲಿಟ್ಟಿದ್ದೀರಿ?’ ಎಂದಳು ಮೇಡಂ.

‘ಬಲಿ ಬಿಟ್ಟು ಎಷ್ಟ ವರ್ಷಾತು ರೀ! ಗಾಳದ ಮಂದಿ ಕರಕೊಂಡು ಹೋಗೋದಷ್ಟೇ ನನ್ನ ಕೆಲಸ.’

‘ಮಳೆ ಬಂದ ಮೇಲೆ ಇಲಾಖೆ ಈ ನೀರಿಗೆ ಮೀನು ಬಿತ್ತಿದೆ. ಅಳತೆಗೆ ಬಾರದ ಆ ಮೀನು ಹಿಡಿದು ಗಿರಾಕಿಗಳಿಗೆ ಅಡುಗೆ ಮಾಡಿ ಹಾಕ್ತಿದ್ದೀರಿ. ನಮಗೆ ಗೊತ್ತಿದೆ.’

ವಿರೂಪಾಕ್ಷಪ್ಪನ ತಲೆಗೆ ಕೆಂಡ ಬಿದ್ದಂತಾಯಿತು. ‘ಯಾವ ಮಗಾ ಹೇಳ್ದ?’

‘ಈ ದಂಡೆಯ ಮನುಷ್ಯನೇ ಹೇಳಿದ್ದು. ಒಂದು ಸಲ ಅಲ್ಲ, ಪ್ರತಿ ಭಾನುವಾರ.’ ಮೇಡಂ ಅವನ ಮುಖವನ್ನೇ ದಿಟ್ಟಿಸಿ ನೋಡಿದಳು. ಕಳ್ಳನ ಕಣ್ಣಲ್ಲಿ ಕಳ್ಳತನ ಹುಡುಕುವ ನೋಟ ಅದು. ‘ಏನೂ ಗೊತ್ತಿಲ್ಲದವರ ಹಾಗೆ ನಿಂತಿದ್ದೀರಲ್ಲ, ಭೇಷ್. ಧ್ವನಿ ನಮ್ಮ ಹತ್ತಿರ ಇದೆ. ಗುರುವಾರ ಐಬಿಗೆ ಬನ್ನಿ, ಕೇಳಿಸ್ತೀನಿ. ಯಾರದ್ದು ಅಂತ ನೀವೇ ಗುರುತು ಹಿಡಿಯಿರಿ.’

ಎಂಜಿನ್ನಿನ ಕೀಲಿ ಕಿತ್ತುಕೊಂಡು ಅವರು ಹೋದರು. ಧೂಳು ಇಳಿಯುವವರೆಗೂ ಅವನು ನಿಂತಲ್ಲೇ ನಿಂತಿದ್ದ. ಆಮೇಲೆ ನೀರಿನ ಕಡೆ ತಿರುಗಿ, ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುವಂತೆ ಚೀರಿದ. ‘ನನ್ನ ಮ್ಯಾಲ ಚಾಡಿ ಹೇಳಿದವನ ನಾಲಿಗಿಗೆ ಹುಳ ಬೀಳಲಿ! ಗಂಗಮ್ಮ ನೋಡಿಕೋತಾಳ!’

ಮನೆಗೆ ಬಂದರೆ ರೊಟ್ಟಿ ಇಳಿಯಲಿಲ್ಲ. ಪಾಸು ಹೋದರೆ ಬೋಟು ದನಕ್ಕೆ ನೀರಿಡುವ ದೋಣಿಗಿಂತ ಕಡೆ. ಆದರೆ ಅವನನ್ನು ತಿನ್ನುತ್ತಿದ್ದದ್ದು ಪಾಸಲ್ಲ. ಯಾರು? ಯಾರ ಧ್ವನಿ?

ಮೊದಲು ಬಸ್ಸಪ್ಪನ ಮೇಲೆ ಅನುಮಾನ ಬಂತು. ಒಂದೇ ನೀರಿನಲ್ಲಿ ಎರಡು ಬೋಟು, ಒಂದೇ ಗಿರಾಕಿಗೆ ಇಬ್ಬರ ಬಾಯಿ. ಬೆಳಗಾಗುತ್ತಲೇ ಬಸ್ಸಪ್ಪನ ಮನೆಗೆ ಹೋಗಿ ಅಂಗಳದಲ್ಲೇ ನಿಂತು ಕೇಳಿದ. ‘ನೀನೇನಲೇ ಹೇಳಿದ್ದು?’

ಹಲ್ಲುಜ್ಜುತ್ತಿದ್ದ ಬಸ್ಸಪ್ಪ ಬಾಯಿ ಮುಕ್ಕಳಿಸಿ ಉಗುಳಿದ. ‘ನನ್ನ ಬೋಟ ಕೆಟ್ಟು ಸಿಂಧನೂರಾಗ ಮೆಕ್ಯಾನಿಕನ ಹಂತ್ಯಾಕ ಬಿದ್ದೈತಿ. ಮಳಿ ಹತ್ತಿದಾಗಿಂದ ಭಾನುವಾರ ದಂಡಿ ತುಳದಿಲ್ಲ ನಾನು. ಇಲ್ಲದವನು ಏನ ನೋಡಿ ಹೇಳಲೋ? ನಿನಗ ಚಾಡಿ ಹೇಳೋದಿದ್ರ ಮುಖಕ್ಕ ಹೇಳ್ತೀನಿ, ಕೂತ್ಕೋ, ಚಾ ಕುಡಿ.’

ಚಾ ಕುಡಿಯದೆ ವಾಪಸು ಬಂದ. ಮಾತು ನಿಜ. ಬಸ್ಸಪ್ಪ ಭಾನುವಾರ ಬಂದೇ ಇರಲಿಲ್ಲ. ಗಿರಾಕಿಗಳೋ ವಾರಕ್ಕೊಬ್ಬರು ಬೇರೆ ಬೇರೆ. ಕ್ಯಾಂಪಿನವರು ಒಂದು ವಾರ, ಮಿಲ್ಲಿನವರು ಒಂದು ವಾರ. ಪ್ರತಿ ಭಾನುವಾರ ತಪ್ಪದೆ ಈ ದಂಡೆಯಲ್ಲಿ ಇರುವವರು ಇಬ್ಬರೇ. ಒಬ್ಬ ತಾನು. ತನ್ನನ್ನು ತೆಗೆದರೆ ಉಳಿದವನು ಒಬ್ಬನೇ.

ಆ ಹೆಸರು ಮನಸ್ಸಿಗೆ ಬಂದ ಕೂಡಲೇ ವಿರೂಪಾಕ್ಷಪ್ಪ ‘ಛೀ’ ಎಂದ. ಶಾಮೀದ? ಅವನ ಮಗಳ ನಿಕಾಹಕ್ಕೆ ನೀರು ಹೊತ್ತವನು ತಾನು. ಗದ್ದೆಮ್ಮನಿಗೆ ಹಾವು ಕಡಿದಾಗ ಲಿಂಗಸುಗೂರಿನ ದವಾಖಾನೆಗೆ ಹೊತ್ತುಕೊಂಡು ಓಡಿದವನು ಅವನು.

ಆದರೆ ಅನುಮಾನ ಎಂಬುದು ಅಕ್ಕಿಯಲ್ಲಿನ ಹುಳದ ಹಾಗೆ. ಒಂದು ಕಂಡರೆ ಕೈಯಾಡಿಸಿದಲ್ಲೆಲ್ಲ ಸಿಗುತ್ತದೆ. ಶಾಮೀದಸಾಬ ಗಾರ್ಡ್ ಶಿವರಾಜನ ಮನೆಗೆ ಪ್ರತಿ ವಾರ ಎಲೆಯಲ್ಲಿ ಖಂಡ ಕಟ್ಟಿ ಕಳಿಸುತ್ತಿದ್ದನಲ್ಲ, ಯಾಕೆ? ಮೇಡಂ ಸಭೆ ಮಾಡಿದ ದಿನ ಎಲ್ಲರೂ ಹೋದ ಮೇಲೂ ನಿಂತು ಏನೋ ಕೇಳುತ್ತಿದ್ದನಲ್ಲ, ಏನು? ಮತ್ತೆ ಹೋದ ಭಾನುವಾರ ಬಂಡೆಯ ಹಿಂದೆ ಕೂತು ಫೋನಿನಲ್ಲಿ ಮಾತಾಡಿದ್ದು! ಅವನ ಹಿಂದೂಸ್ತಾನಿ ಮಾತು ವಿರೂಪಾಕ್ಷಪ್ಪನಿಗೆ ಅರ್ಧ ತಿಳಿಯುತ್ತಿತ್ತು. ‘ಬಹುತ್ ಛೋಟೇ ಹೈಂ... ಅಭೀ ನಕ್ಕೋ ಪಕಡೋ...’ ಎಂದಿದ್ದ. ಬಹಳ ಸಣ್ಣವು. ಹಿಡೀಬ್ಯಾಡ. ಸಣ್ಣವು ಎಂದರೆ ಏನು? ಮೀನಲ್ಲದೆ ಈ ನೀರಿನಲ್ಲಿ ಇನ್ನೇನು ಸಣ್ಣದಿದೆ?

ರಾತ್ರಿ ಗದ್ದೆಮ್ಮನಿಗೆ ಹೇಳಿದ. ಅವಳು ಅವನನ್ನೇ ನೋಡಿದಳು. ‘ಶಾಮೀದಣ್ಣನ್ನ ಕೇಳಬ್ಯಾಡ. ನಿನ್ನ ಕೈ ಮುಗೀತೀನಿ. ಗುರುವಾರ ಧ್ವನಿ ಕೇಳಸ್ತೀನಿ ಅಂದಾಳಲ್ಲ ಆಕಿ, ಅಲ್ಲೀತನಾ ಬಾಯಿ ಬಿಗಿ ಹಿಡಿ.’

‘ನಾ ಕೇಳಂಗಿಲ್ಲ ಬಿಡು.’

ಸುಳ್ಳು ಹೇಳಲು ಬಾರದವನು ಹೇಳಿದ ಒಂದೇ ಸುಳ್ಳು ಅದು. ಒಂದು ದಿನವೂ ಬಾಳಲಿಲ್ಲ.

ಬುಧವಾರ ಶಾಮೀದಸಾಬ ತಾನಾಗಿಯೇ ದಂಡೆಗೆ ಬಂದ. ಸುದ್ದಿ ಕೇಳಿ ಓಡಿ ಬಂದಿದ್ದ. ‘ಏನೋ ವಿರುಪಣ್ಣ, ಕೀಲಿ ಒಯ್ದಾರಂತ? ಯಾವನಿಗೋ ನಿನ್ನ ಮ್ಯಾಲ ಹೊಟ್ಟಿಕಿಚ್ಚು!’

‘ಯಾವನಿಗೋ’ ಎಂದ ವಿರೂಪಾಕ್ಷಪ್ಪ, ಒಂದೊಂದೇ ಅಕ್ಷರ ಕಚ್ಚಿ. ಬಸ್ಸಪ್ಪನೂ ನಾಲ್ಕು ಜನ ಊರವರೂ ಅಲ್ಲೇ ಕೂತಿದ್ದರು. ‘ಬಾ ಇಲ್ಲಿ. ನೀರಾಗ ಕೈ ಇಡು.’

ಅಂಬಿಗರಲ್ಲಿ ಅದೊಂದು ಪದ್ಧತಿ. ಬಲೆ ಕದ್ದರೆ, ಮೀನು ಕದ್ದರೆ, ಅನುಮಾನ ಇದ್ದವನನ್ನು ದಂಡೆಗೆ ಕರೆದು ನೀರಲ್ಲಿ ಕೈ ಇಡಿಸಿ ಗಂಗಮ್ಮನ ಆಣೆ ಮಾಡಿಸುತ್ತಾರೆ. ಆಣೆ ಮಾಡಿದವನ ಮೇಲೆ ಮುಂದೆ ಯಾರೂ ಮಾತಾಡುವಂತಿಲ್ಲ. ಆದರೆ ಆಣೆ ಕೇಳಿದರೆ ಕಳ್ಳ ಎಂದು ಅರ್ಧ ಕರೆದಂತೆ ಎಂಬುದು ಎಲ್ಲರಿಗೂ ಗೊತ್ತು.

ಶಾಮೀದಸಾಬನಿಗೂ ಗೊತ್ತಿತ್ತು. ಅವನ ಮುಖದ ನಗು ಒಣಗಿತು. ‘ಏನಂದಿ?’

‘ನೀರಾಗ ಕೈ ಇಟ್ಟು, ನಾ ಹೇಳಿಲ್ಲ ಅನ್ನು. ಸಣ್ಣವು ಹಿಡೀಬ್ಯಾಡ ಅಂತ ಫೋನಿನ್ಯಾಗ ಯಾರಿಗೆ ಹೇಳಾಕತ್ತಿದ್ದಿ? ನನ್ನ ಕಿವಿ ಕೆಪ್ಪ ಅಲ್ಲ.’

‘ಏ ವಿರುಪಣ್ಣ, ಸಾಕು ಮಾಡು’ ಎಂದು ಬಸ್ಸಪ್ಪ ಎದ್ದು ನಿಂತ.

ಶಾಮೀದಸಾಬ ನೀರನ್ನು ನೋಡಿದ, ಇವನನ್ನು ನೋಡಿದ. ಅವನ ದನಿ ಏರಲಿಲ್ಲ. ಏರಿದ್ದರೆ ವಿರೂಪಾಕ್ಷಪ್ಪನಿಗೆ ಹಗುರಾಗುತ್ತಿತ್ತು. ‘ಮುಜಾಹಿದ್ ಸಂತ್ಯಾಗಿಂದ ಫೋನ್ ಮಾಡಿದ್ದ. ನನ್ನ ಅಳಿಯ. ಮರಿ ಕೊಳ್ಳಾಕ ಹೋಗಿದ್ದ. ಸಣ್ಣ ಮರಿ ಹಿಡಕೊಂಡು ಬರಬ್ಯಾಡಲೇ, ತಾಯಿ ಹಾಲು ಬಿಡಲಿ ಅಂದೆ. ಅದನ್ನ ನಾ ನಿನಗ ಹೇಳೂದಲ್ಲ, ನೀ ಕೇಳಬೇಕಿತ್ತು. ಕೇಳೂದು ಬಿಟ್ಟು ಆಣಿ ಮಾಡಸ್ತೀ?’

‘ಆಣಿ ಮಾಡಾಕ ಯಾಕ ಅಂಜ್ತಿ ಮತ್ತ?’

‘ಅಂಜಿಕಿ ಅಲ್ಲಪಾ. ಒಮ್ಮಿ ಕೈ ತೊಯಿಸಿಕೊಂಡ್ರ ನಾಳಿ ಮತ್ತ ಯಾವುದಕ್ಕೋ ತೊಯಿಸಿಕೋ ಅಂತಿ.’

ಗುಡಿಸಲಿಗೆ ಹೋಗಿ ತನ್ನ ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿದ. ಅಡುಗೆಯ ದೊಡ್ಡ ಡೇಗಡಿಯನ್ನು ತಲೆಯ ಮೇಲೆ ಮಗುಚಿಕೊಂಡು ಡ್ಯಾಮಿನ ಏರಿ ಹತ್ತಿ ಹೋದ. ಅವನ ಡೇಗಡಿ ದಂಡೆ ಬಿಟ್ಟು ಹೋದದ್ದನ್ನು ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ.

‘ನಿನ್ನ ಬಾಯಿಗೆ ಡ್ಯಾಮಿನ ಗೇಟ ಕೂಡಿಸಬೇಕು’ ಎಂದಳು ಗದ್ದೆಮ್ಮ, ಸುದ್ದಿ ತಿಳಿದಾಗ.

ಗುರುವಾರ ಸರಕಾರಿ ಬಂಗಲೆ ಐಬಿಯ ಪಡಸಾಲೆಯಲ್ಲಿ ಮೇಡಂ ಮೇಜು ಹಾಕಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಶಿವರಾಜ. ವಿರೂಪಾಕ್ಷಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಧ್ವನಿ ಕೇಳಿಸಿದ ಕ್ಷಣ ಏನು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದ. ಶಾಮೀದನದೇ ಆದರೆ ಐಬಿಯಿಂದ ನೇರ ಸಂತೆಕಲ್ಲೂರಿಗೆ ಹೋಗಿ ಕುತ್ತಿಗೆ ಪಟ್ಟಿ ಹಿಡಿಯುವುದು. ಅಲ್ಲದಿದ್ದರೆ? ಅಲ್ಲದಿದ್ದರೆ ಎಂಬುದನ್ನು ಯೋಚಿಸಲು ಅವನಿಗೆ ಧೈರ್ಯವಾಗಲಿಲ್ಲ.

‘ಕೊನೇ ಸಲ ಕೇಳ್ತೀನಿ. ಒಪ್ಪಿಕೊಳ್ತೀರಾ?’ ಎಂದಳು ಮೇಡಂ.

‘ಆ ಮಗನ ಧ್ವನಿ ಮೊದಲ ಕೇಳಸ್ರಿ. ಅವನ ನಾಲಿಗಿ...’

ಅವಳು ಫೋನಿನ ಮೇಲೆ ಬೆರಳಿಟ್ಟಳು.

‘ನಮಸ್ಕಾರ ರೀ ಮೇಡಮ್ಮರ. ಬೋಟಿನ ವಿರೂಪಾಕ್ಷಪ್ಪ ಮಾತಾಡಾಕತ್ತೀನಿ...’

ಪಡಸಾಲೆ ತುಂಬ ಅವನದೇ ದನಿ ಗುಡುಗಿತು. ಎರಡು ಮೀನು, ಒಂದು ಮರಿ. ಅವಳು ಇನ್ನೊಂದು ಒತ್ತಿದಳು. ‘ಮೀನ ಬೀಳಲಿಲ್ಲ ರೀ. ಮರಿ ಬಾಳ ಎಳೇದಿತ್ತು, ಚಲೋ ಇತ್ತು. ಅಲ್ಲೇ ಕೊಯ್ದು ತಿಂದ್ವಿ.’ ಮತ್ತೊಂದು. ‘ಇವತ್ತ ಮಂದಿ ಜಾಸ್ತಿ ರೀ, ಎರಡ ಮರಿ ಕೊಯ್ದ್ವಿ.’

‘ಸಾಕೇ?’ ಎಂದಳು ಮೇಡಂ. ‘ಇಲಾಖೆ ಬಿಟ್ಟ ಮೀನುಮರಿಗಳನ್ನು ತಿಂದು, ಎಳೇದಿತ್ತು ಚೆನ್ನಾಗಿತ್ತು ಅಂತ ನನಗೇ ಹೇಳ್ತೀರಿ. ನನ್ನನ್ನು ಅಣಕಿಸ್ತಿದ್ದೀರಾ?’

ಮೊದಲು ಶಿವರಾಜನ ಹೊಟ್ಟೆ ಕುಣಿಯಿತು. ಆಮೇಲೆ ತಡೆಯಲಾರದೆ ಗೋಡೆಗೆ ಕೈ ಕೊಟ್ಟು ನಕ್ಕ. ಧ್ವನಿಗಳೆಲ್ಲ ಮೇಡಂ ಫೋನಿಗೇ ಹೋಗುತ್ತಿದ್ದವು, ಅವನು ಕೇಳಿದ್ದು ಇದೇ ಮೊದಲು. ‘ಮೇಡಂ, ಅದು ಕುರಿ ರೀ! ಕುರಿ ಮರಿ! ನಮ್ಮ ಕಡೆ ಮರಿ ಅಂದ್ರ... ಆ ಮರಿದೇ ಖಂಡ ನಾನೂ ತಿಂದೀನ್ರೀ!’

‘ಮೀನಿನ ವರದಿಯಲ್ಲಿ ಕುರಿ ಯಾಕೆ ಬರುತ್ತೆ?’

‘ಏರಿದ್ದು ಇಳದದ್ದು ಎಲ್ಲಾ ಹೇಳು ಅಂದಿದ್ರಲ್ಲ ರೀ’ ಎಂದ ವಿರೂಪಾಕ್ಷಪ್ಪ. ‘ಮರಿ ಏರಿತ್ತು. ಹೇಳಿದೆ.’

ಅವನಿಗೆ ನಗು ಬರಲಿಲ್ಲ. ಪಾಸು ಉಳಿದೀತು ಎಂದು ಸಂತೋಷವೂ ಆಗಲಿಲ್ಲ. ಹುಳ ಬೀಳಲಿ ಎಂದದ್ದು ಯಾರ ನಾಲಿಗೆಗೆ? ತನ್ನನ್ನು ತೆಗೆದರೆ ಎಂದುಕೊಂಡಿದ್ದನಲ್ಲ, ಯಾಕೆ ತೆಗೆದ? ಡೇಗಡಿ ತಲೆಯ ಮೇಲೆ ಹೊತ್ತು ಏರಿ ಹತ್ತಿದ ಬೆನ್ನು ಕಣ್ಣ ಮುಂದೆ ಬಂತು.

ಮೇಡಂ ಸುಮ್ಮನೆ ಬಿಡುವವಳಲ್ಲ. ಶಿವರಾಜ ಖಂಡ ತಿಂದವನು, ಅವನ ಮಾತು ನಡೆಯುವುದಿಲ್ಲ ಎಂದಳು. ತಿಂದ ಗಿರಾಕಿಗಳು ಹೇಳಲಿ, ಇಲ್ಲವೇ ಮರಿ ಕೊಟ್ಟವನು ಬಂದು ಹೇಳಿಕೆ ಕೊಡಲಿ. ನಾಳೆಯೊಳಗೆ ಬಾರದಿದ್ದರೆ ಪಾಸು ರದ್ದು.

ಅಲ್ಲೇ ನಿಂತು ಸಿಂಧನೂರಿನ ಗಿರಾಕಿಗಳಿಗೆ ಫೋನ್ ಮಾಡಿದ. ಪೊಲೀಸು ಎಂಬ ಮಾತು ಕಿವಿಗೆ ಬಿದ್ದದ್ದೇ ಒಬ್ಬ ಮೀಟಿಂಗಿನಲ್ಲಿದ್ದೇನೆ ಎಂದ. ಉಳಿದವರು ಎತ್ತಲೇ ಇಲ್ಲ. ಉಳಿದದ್ದು ಮರಿ ಕೊಟ್ಟವನೊಬ್ಬ.

ಸಂತೆಕಲ್ಲೂರಿಗೆ ಟಂಟಂ ಆಟೋ ಹತ್ತಿ ಹೋದಾಗ ಶಾಮೀದಸಾಬ ಹಟ್ಟಿಯಲ್ಲಿ ಮರಿಗಳಿಗೆ ತೊಗರಿ ಹೊಟ್ಟು ಹಾಕುತ್ತಿದ್ದ. ನೋಡಿಯೂ ನೋಡದ ಹಾಗೆ ಇದ್ದ. ಅವನ ಹೆಂಡತಿ ಜೈನಾಬೀ ಬಾಗಿಲಿಗೆ ಬಂದವಳು, ‘ಬಾ ಅಣ್ಣ’ ಎನ್ನಲಿಲ್ಲ. ಒಳಗೆ ಹೋದಳು.

ವಿರೂಪಾಕ್ಷಪ್ಪ ಹಟ್ಟಿಯ ಮುಳ್ಳಿನ ಬೇಲಿಯ ಆಚೆಯೇ ನಿಂತ.

‘ಚಾಡಿಕೋರ ಸಿಕ್ಕನೇನು?’ ಎಂದ ಶಾಮೀದಸಾಬ, ಬೆನ್ನು ತಿರುಗಿಸಿಕೊಂಡೇ.

‘ಸಿಕ್ಕ.’

‘ಯಾರು?’

ಒಂದು ಮರಿ ಬೇಲಿಯೊಳಗಿಂದ ಮೂತಿ ತೂರಿಸಿ ಅವನ ಇಸ್ತ್ರಿ ಅಂಗಿಯ ಚುಂಗು ಜಗಿಯತೊಡಗಿತು. ಅವನು ಬಿಡಿಸಿಕೊಳ್ಳಲಿಲ್ಲ.

‘ನಾನ’ ಎಂದ.

ಶಾಮೀದಸಾಬ ತಿರುಗಿದ. ವಿರೂಪಾಕ್ಷಪ್ಪ ಎಲ್ಲ ಹೇಳಿದ. ಎರಡು ಮೀನು ಒಂದು ಮರಿ, ಎಳೇದಿತ್ತು ಚಲೋ ಇತ್ತು, ಶಿವರಾಜ ನಕ್ಕದ್ದು, ಮೇಡಂ ಸಾಕ್ಷಿ ಕೇಳಿದ್ದು. ಒಂದನ್ನೂ ಮುಚ್ಚಿಡಲಿಲ್ಲ. ಕುತ್ತಿಗೆ ಪಟ್ಟಿ ಹಿಡಿಯಬೇಕು ಎಂದುಕೊಂಡಿದ್ದನ್ನೂ ಹೇಳಿಬಿಟ್ಟ. ಒಳಗೆ ಜೈನಾಬೀಯ ಬಳೆ ಸದ್ದು ನಿಂತಿತ್ತು.

ಶಾಮೀದಸಾಬ ಹತ್ತಿರ ಬಂದು ಅವನ ಮುಖ ನೋಡಿದ. ‘ನಾಲಿಗಿ ತೆಗಿ.’

‘ಏನು?’

‘ನಾಲಿಗಿ ತೋರಸಲೇ. ಹುಳ ಬಿದ್ದಾವೇನು ನೋಡ್ತೀನಿ. ಗಂಗಮ್ಮಗ ಹೇಳಿದ್ದಿಯಂತಲ್ಲ.’

ವಿರೂಪಾಕ್ಷಪ್ಪ, ಐವತ್ತು ದಾಟಿದ ಗಂಡಸು, ಬೇಲಿಯ ಆಚೆ ನಿಂತು ನಾಲಿಗೆ ಚಾಚಿದ. ಒಳಗಿನಿಂದ ಜೈನಾಬೀ ಕಿಸಕ್ಕೆಂದಳು. ಶಾಮೀದಸಾಬ ನಗಲಿಲ್ಲ. ಸರಿಯಾಗಿ ನೋಡಿ, ‘ಬರ್ತೀನಿ’ ಎಂದ. ‘ನಿನ್ನ ಸಲುವಾಗಿ ಅಲ್ಲ. ಗದ್ದೆಮ್ಮ ತಂಗಿ ಸಲುವಾಗಿ.’

ಮರುದಿನ ಐಬಿಗೆ ಅವನು ಒಬ್ಬನೇ ಬರಲಿಲ್ಲ. ಹೆಗಲ ಮೇಲೆ ಒಂದು ಮರಿ ಹೊತ್ತುಕೊಂಡು ಬಂದು ಮೇಡಂ ಮುಂದೆ ಇಳಿಸಿದ. ‘ಇದು ರೀ ಮರಿ. ನಾಕ ಕಾಲು. ಈಜಾಕ ಬರಂಗಿಲ್ಲ.’ ಮರಿ ಐಬಿಯ ಪಡಸಾಲೆಯಲ್ಲಿ ಹಿಕ್ಕೆ ಹಾಕಿ ತನ್ನ ಹೇಳಿಕೆಯನ್ನೂ ಕೊಟ್ಟಿತು.

ಮೇಡಂ ಮೊದಲ ಸಲ ನಕ್ಕಳು. ಕೀಲಿ ತೆಗೆದು ಮೇಜಿನ ಮೇಲೆ ಇಟ್ಟಳು. ವಿರೂಪಾಕ್ಷಪ್ಪ ಕೈ ಚಾಚಿದ. ಅವಳು ಬಿಡಲಿಲ್ಲ.

‘ಇದು ಕುರಿ ಅಂತ ಆಯ್ತು. ಹಾಗಾದ್ರೆ ಜನ ಕೂತ ಬೋಟಿನಲ್ಲಿ ಪ್ರಾಣಿ ಸಾಗಿಸಿದ ಹಾಗಾಯ್ತು. ಅದೂ ನಿಯಮಕ್ಕೆ ವಿರುದ್ಧ. ನೀವೇ ವರದಿ ಕೊಟ್ಟಿದ್ದೀರಿ. ಈ ಭಾನುವಾರ ಬೋಟು ನೀರಿಗೆ ಇಳಿಯುವಂತಿಲ್ಲ. ಮುಂದೆ ಕುರಿ ಬೋಟು ಹತ್ತುವಂತಿಲ್ಲ.’

ಬೇರೆ ದಿನವಾಗಿದ್ದರೆ ಅವನು ಮೇಜು ಗುದ್ದುತ್ತಿದ್ದ. ‘ಆಗ್ಲಿ ರೀ’ ಎಂದ. ಶಾಮೀದಸಾಬ ಆಶ್ಚರ್ಯದಿಂದ ಅವನ ಕಡೆ ನೋಡಿದ.

ಅದರ ಮುಂದಿನ ಭಾನುವಾರ ಬೋಟು ಇಳಿಯಿತು. ಅಳಿಯ ಮುಜಾಹಿದ್ ಮರಿ ಹೊಡೆದುಕೊಂಡು ದಂಡೆಗುಂಟ ಸುತ್ತುಹಾಕಿ ಆಚೆ ಹೋಗಿದ್ದ. ಗಿರಾಕಿಗಳು ಹತ್ತಿ ಕೂತರು. ಏರಿಯ ಮೇಲೆ ಮಗುಚಿದ ಡೇಗಡಿಯೊಂದು ಕಂಡಿತು, ಅದರ ಕೆಳಗೆ ಶಾಮೀದಸಾಬ. ವಿರೂಪಾಕ್ಷಪ್ಪ ಹಲಗೆ ಒರೆಸಿ ಜಾಗ ಮಾಡಿದ.

ಶಾಮೀದಸಾಬ ಡೇಗಡಿ ಇಳಿಸಿದ. ಹತ್ತುವ ಮುಂಚೆ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಅಂಗಿಯ ತೋಳು ಮಡಚಿ, ಮೊಣಕೈವರೆಗೆ ನೀರಲ್ಲಿ ಕೈ ಇಟ್ಟ.

‘ಏನ ಮಾಡಾಕತ್ತಿ?’ ಎಂದ ವಿರೂಪಾಕ್ಷಪ್ಪ.

‘ಆಣಿ’ ಎಂದ ಶಾಮೀದಸಾಬ, ಗಿರಾಕಿಗಳೆಲ್ಲ ಕೇಳುವ ಹಾಗೆ. ‘ಇವತ್ತಿಂದು ಇವತ್ತ ಮಾಡಿಬಿಡ್ತೀನಿ. ನಾ ಯಾರಿಗೂ ಏನೂ ಹೇಳಂಗಿಲ್ಲಪಾ. ಈಗ ಹತ್ತಲೇನು?’

ಒದ್ದೆ ಕೈ ಮುಂದೆ ಚಾಚಿದ. ವಿರೂಪಾಕ್ಷಪ್ಪ ಅದನ್ನು ಹಿಡಿದು ಮೇಲೆಳೆದುಕೊಂಡ. ಅಂದಿನಿಂದ ಪ್ರತಿ ಭಾನುವಾರ ಶಾಮೀದಸಾಬ ಕೈ ತೊಯಿಸಿಕೊಂಡೇ ಬೋಟು ಹತ್ತುತ್ತಾನೆ. ಗಿರಾಕಿಗಳು ಅದೇನೋ ಪೂಜೆ ಎಂದು ತಿಳಿದು ತಾವೂ ಕೈ ತೊಯಿಸಿಕೊಳ್ಳುತ್ತಾರೆ. ಸಂಜೆ ವರದಿಯಲ್ಲಿ ವಿರೂಪಾಕ್ಷಪ್ಪ ಅದನ್ನೊಂದು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾನೆ.